ಬ್ಲಾಗಿಗೊಂದು ಸಂಪಾದಕೀಯ ಕ್ಯಾಲೆಂಡರ್: ಪ್ರಕಟಣೆಯ ದಿನದಿಂದ ಹಿಂದಕ್ಕೆ ಎಣಿಸುವ ಕ್ರಮ

ಬ್ಲಾಗ್ ಆರಂಭಿಸಿದ ಮೊದಲ ವರ್ಷ ನಾನು ಬಹಳ ಉತ್ಸಾಹದಿಂದ ಒಂದು ಕ್ಯಾಲೆಂಡರ್ ತಯಾರಿಸಿದ್ದೆ. 52 ವಾರಗಳಿಗೆ 52 ಶೀರ್ಷಿಕೆಗಳು, ಪ್ರತಿಯೊಂದರ ಎದುರಿಗೂ ಪ್ರಕಟಣೆಯ ದಿನಾಂಕ, ವಿಭಾಗಕ್ಕೊಂದು ಬಣ್ಣ. ಮಾರ್ಚ್ ಮುಗಿಯುವ ಹೊತ್ತಿಗೆ ಪ್ರಕಟವಾಗಿದ್ದು ಏಳು ಲೇಖನಗಳು. ಏಪ್ರಿಲ್‌ನಿಂದಾಚೆಗೆ ಆ ಹಾಳೆಯನ್ನು ತೆರೆದು ನೋಡುವ ಧೈರ್ಯವೂ ಉಳಿಯಲಿಲ್ಲ. ಬಹಳ ದಿನಗಳ ನಂತರ ಅದನ್ನು ಮತ್ತೆ ನೋಡಿದಾಗ ತಪ್ಪು ಎಲ್ಲಿತ್ತೆಂಬುದು ಸ್ಪಷ್ಟವಾಯಿತು. ಯಾವ ಲೇಖನ ಎಂದು ಹೊರಬರಬೇಕು ಎಂದು ಅದರಲ್ಲಿ ಬರೆದಿತ್ತು, ಆದರೆ ಅದನ್ನು ಬರೆಯಲು ನಾನು ಯಾವ ದಿನ ಕೂರಬೇಕು ಎಂಬುದು ಎಲ್ಲಿಯೂ ಇರಲಿಲ್ಲ.

ಸಂಪಾದಕೀಯ ಕ್ಯಾಲೆಂಡರ್ ಪತ್ರಿಕಾ ಕಚೇರಿಗಳಿಂದ ಬ್ಲಾಗಿಗೆ ಬಂದ ಪದ್ಧತಿ. ಪತ್ರಿಕೆಯಲ್ಲಿ ಸಂಚಿಕೆ ಅಚ್ಚಿಗೆ ಹೋಗುವ ದಿನ ಮೊದಲೇ ಗೊತ್ತಿರುತ್ತದೆ. ಪುಟವಿನ್ಯಾಸ, ಕರಡು ತಿದ್ದುವುದು, ಚಿತ್ರ ತರಿಸುವುದು, ಲೇಖಕರಿಗೆ ಗಡುವು ಹೇಳುವುದು ಇವೆಲ್ಲವೂ ಆ ದಿನದಿಂದ ಹಿಂದಕ್ಕೆ ಎಣಿಸಿ ನಿಶ್ಚಯವಾಗುತ್ತವೆ. ಬ್ಲಾಗಿಗರು ಸಾಮಾನ್ಯವಾಗಿ ಇದರಿಂದ ಪ್ರಕಟಣೆಯ ದಿನವನ್ನು ಮಾತ್ರ ತೆಗೆದುಕೊಂಡು ಹಿಂದಕ್ಕೆ ಎಣಿಸುವುದನ್ನು ಬಿಟ್ಟುಬಿಡುತ್ತಾರೆ. ಈ ಲೇಖನದ ಕ್ರಮ ಆ ಎಣಿಕೆಯ ಮೇಲೆಯೇ ನಿಂತಿದೆ. ಉದಾಹರಣೆಗೆಂದು ಸೈಕಲ್ ನಿರ್ವಹಣೆಯ ಕುರಿತ ಒಂದು ಬ್ಲಾಗನ್ನು ಇಟ್ಟುಕೊಳ್ಳೋಣ. ನಿಮ್ಮ ವಿಷಯ ಯಾವುದೇ ಇರಲಿ, ಲೆಕ್ಕ ಬದಲಾಗುವುದಿಲ್ಲ.

ಮೊದಲು ನಿಮ್ಮ ಸಮಯವನ್ನು ಅಳೆಯಿರಿ

ಕ್ಯಾಲೆಂಡರ್ ಹಾಳೆಯನ್ನು ತೆರೆಯುವುದಕ್ಕೂ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಮುಂದಿನ ಮೂರು ಲೇಖನಗಳನ್ನು ನಿಮ್ಮ ಎಂದಿನ ರೀತಿಯಲ್ಲೇ ಬರೆಯಿರಿ, ಆದರೆ ಪ್ರತಿ ಹಂತಕ್ಕೆ ಹಿಡಿದ ಸಮಯವನ್ನು ಗಡಿಯಾರ ನೋಡಿ ಗುರುತು ಹಾಕಿಕೊಳ್ಳಿ. ಅಂದಾಜು ಬೇಡ. ಬರೆಯುವವರು ಬರವಣಿಗೆಯ ಸಮಯವನ್ನು ಸರಿಸುಮಾರಾಗಿ ಊಹಿಸಬಲ್ಲರು. ಆದರೆ ಚಿತ್ರಗಳನ್ನು ತೆಗೆದು ಗಾತ್ರ ಕಡಿಮೆ ಮಾಡುವುದು, ಹಳೆಯ ಲೇಖನಗಳಿಗೆ ಲಿಂಕ್ ಕೊಡುವುದು, ಶೀರ್ಷಿಕೆಯನ್ನು ನಾಲ್ಕು ಬಾರಿ ಬದಲಿಸುವುದು, ಮೊಬೈಲಿನಲ್ಲಿ ಪುಟ ಹೇಗೆ ಕಾಣುತ್ತದೆ ಎಂದು ನೋಡುವುದು ಇವು ಯಾರ ಲೆಕ್ಕಕ್ಕೂ ಸಿಗದೆ ಜಾರಿಹೋಗುತ್ತವೆ.

ಚೈನ್ ಶುಚಿಗೊಳಿಸುವ ವಿಧಾನದ ಬಗ್ಗೆ ಒಂದು ಲೇಖನ ಎಂದುಕೊಳ್ಳಿ. ಮಾಹಿತಿ ಕಲೆಹಾಕಿ ಹಂದರ ಹಾಕಲು 2 ಗಂಟೆ, ಕರಡಿಗೆ 3 ಗಂಟೆ, ಚಿತ್ರಗಳಿಗೆ ಒಂದೂವರೆ, ತಿದ್ದುಪಡಿಗೆ 1, ಬ್ಲಾಗಿಗೆ ಏರಿಸಿ ಜೋಡಿಸಲು ಅರ್ಧ ಗಂಟೆ. ಒಟ್ಟು 8 ಗಂಟೆ. ವಾರಕ್ಕೆ ನಿಮಗೆ ನಿಜವಾಗಿ ದೊರೆಯುವ ಬಿಡುವು 5 ಗಂಟೆಯಾದರೆ ನಾಲ್ಕು ವಾರಗಳಿಗೆ 20 ಗಂಟೆಯಾಯಿತು. 20ನ್ನು 8ರಿಂದ ಭಾಗಿಸಿದರೆ ಎರಡೂವರೆ. ಕ್ಯಾಲೆಂಡರಿನಲ್ಲಿ ತಿಂಗಳಿಗೆ ಎರಡು ಎಂದು ಬರೆದುಕೊಳ್ಳಿ. ಉಳಿದ ಅರ್ಧ ಲೇಖನದ ಸಮಯ ಜ್ವರಕ್ಕೆ, ನೆಂಟರಿಗೆ, ಕೈಕೊಟ್ಟ ಇಂಟರ್ನೆಟ್ಟಿಗೆ ಹೋಗುತ್ತದೆ. ಎಲ್ಲಿಗೂ ಹೋಗದಿದ್ದರೆ ಮುಂದೆ ಹೇಳುವ ಕಾಯ್ದಿರಿಸಿದ ಲೇಖನಕ್ಕೆ ಸಲ್ಲುತ್ತದೆ.

ವಾರಕ್ಕೆ ಮೂರು ಲೇಖನ ಹಾಕದಿದ್ದರೆ ಓದುಗರು ಮರೆತುಬಿಡುತ್ತಾರೆ ಎಂಬ ಮಾತನ್ನು ನೀವು ಕೇಳಿರಬಹುದು. ಸುದ್ದಿಯನ್ನೇ ನಂಬಿದ ತಾಣಗಳಿಗೆ ಅದು ಒಪ್ಪುವ ಮಾತಿರಬಹುದು. ಮಾರ್ಗದರ್ಶಿ, ವಿಮರ್ಶೆ, ಅನುಭವ ಬರೆಯುವ ಒಬ್ಬಂಟಿ ಬ್ಲಾಗಿಗರಿಗೆ ಹದಿನೈದು ದಿನಕ್ಕೊಂದು ಒಳ್ಳೆಯ ಲೇಖನ ತಪ್ಪದೆ ಬರುವುದೇ ದೊಡ್ಡ ಸಾಧನೆ ಎಂಬುದು ನನ್ನ ಅಭಿಪ್ರಾಯ.

ವಿಚಾರಗಳಿಗೆ ಬೇರೆಯದೇ ಜಾಗ

ಹೊಳೆದ ವಿಚಾರವನ್ನು ನೇರವಾಗಿ ಕ್ಯಾಲೆಂಡರಿನಲ್ಲಿ ಬರೆಯಬೇಡಿ. ದಿನಾಂಕ ಸಿಕ್ಕಿದ ಕೂಡಲೇ ವಿಚಾರ ಸಾಲವಾಗಿಬಿಡುತ್ತದೆ, ಅದು ಬರೆಯಲು ತಕ್ಕುದೋ ಅಲ್ಲವೋ ಎಂಬುದನ್ನು ನೋಡುವ ಮೊದಲೇ ತೀರಿಸುವ ಚಿಂತೆ ಶುರುವಾಗುತ್ತದೆ. ಅದೇ ಕಡತದಲ್ಲಿ ಎರಡನೆಯ ಹಾಳೆಯೊಂದನ್ನು ಮಾಡಿ ‘ವಿಚಾರಗಳು’ ಎಂದು ಹೆಸರಿಡಿ. ಅಲ್ಲಿ ದಿನಾಂಕದ ಕಾಲಂ ಇರಬಾರದು.

ಅಲ್ಲಿಯೂ ಒಂದು ಕಟ್ಟುಪಾಡು ಬೇಕು. ವಿಚಾರವನ್ನು ಒಂದು ಪದದಲ್ಲಿ ಬರೆಯದೆ ಓದುಗರೊಬ್ಬರು ಕೇಳುವ ಪೂರ್ಣ ಪ್ರಶ್ನೆಯ ರೂಪದಲ್ಲಿ ಬರೆಯಬೇಕು. ‘ಬ್ರೇಕ್’ ಎಂದು ಬರೆದಿಟ್ಟರೆ ಎರಡು ತಿಂಗಳ ನಂತರ ಅದನ್ನು ಓದಿದಾಗ ಏನು ಹೇಳಬೇಕೆಂದಿದ್ದೆವು ಎಂಬುದು ನಮಗೇ ನೆನಪಿರುವುದಿಲ್ಲ. ‘ಮಳೆಯಲ್ಲಿ ಓಡಿಸಿದ ಮೇಲೆ ಡಿಸ್ಕ್ ಬ್ರೇಕ್ ಏಕೆ ಕಿರುಚುತ್ತದೆ, ಅದನ್ನು ಮನೆಯಲ್ಲೇ ಸರಿಪಡಿಸಬಹುದೇ?’ ಎಂದು ಬರೆದಿಟ್ಟರೆ ಅರ್ಧ ಹಂದರ ಅಲ್ಲಿಯೇ ಸಿದ್ಧವಾಗಿರುತ್ತದೆ. ಪಕ್ಕದ ಕಾಲಂನಲ್ಲಿ ಈ ಪ್ರಶ್ನೆ ಎಲ್ಲಿಂದ ಬಂತು ಎಂದು ನಮೂದಿಸಿ: ಓದುಗರ ಮಿಂಚಂಚೆಯೇ, ಗೆಳೆಯರ ಮಾತೇ, ನಿಮ್ಮದೇ ಅನುಭವವೇ. ನಾಲ್ಕು ಕಡೆಯಿಂದ ಬಂದ ಪ್ರಶ್ನೆಗೆ ನೀವು ಬೇರೆ ಸಮೀಕ್ಷೆ ನಡೆಸಬೇಕಾಗಿಲ್ಲ.

ಬ್ಲಾಗಿನ ಒಟ್ಟು ವಿಷಯವನ್ನು ಮೂರರಿಂದ ಐದು ವಿಭಾಗಗಳಾಗಿ ಹಂಚಿಕೊಳ್ಳುವುದೂ ಇದೇ ಹಂತದಲ್ಲಿ ಆಗಬೇಕು. ಸೈಕಲ್ ಬ್ಲಾಗಿಗೆ ದುರಸ್ತಿ, ಬಿಡಿಭಾಗಗಳ ಆಯ್ಕೆ, ಸವಾರಿಯ ಅನುಭವ, ಸುರಕ್ಷತೆ ಎಂಬ ನಾಲ್ಕು ಸಾಕು. ವಿಭಾಗಗಳು ಹತ್ತಕ್ಕೇರಿದರೆ ಕೆಲವು ವರ್ಷವಿಡೀ ಖಾಲಿ ಉಳಿಯುತ್ತವೆ.

ಹಾಳೆಯ ರಚನೆ

ಯಾವ ತಂತ್ರಾಂಶ ಬಳಸಬೇಕು ಎಂಬ ಪ್ರಶ್ನೆಗೆ ಹೆಚ್ಚು ಸಮಯ ಕೊಡಬೇಡಿ. ಟ್ರೆಲೋ, ನೋಶನ್, ಗೂಗಲ್ ಕ್ಯಾಲೆಂಡರ್, ಗೂಗಲ್ ಶೀಟ್ಸ್ ಎಲ್ಲವೂ ಕೆಲಸಕ್ಕೆ ಬರುತ್ತವೆ. ಒಬ್ಬರೇ ಬರೆಯುವವರಿಗೆ ಸ್ಪ್ರೆಡ್‌ಶೀಟ್ ಸಾಕು ಎಂದು ನಾನು ಹೇಳುತ್ತೇನೆ, ಏಕೆಂದರೆ ಒಂದೇ ನೋಟಕ್ಕೆ ಮೂರು ತಿಂಗಳು ಕಾಣುತ್ತದೆ ಮತ್ತು ಬೇಕೆಂದಾಗ ದಿನಾಂಕದ ಪ್ರಕಾರವೋ ವಿಭಾಗದ ಪ್ರಕಾರವೋ ಜೋಡಿಸಿ ನೋಡಬಹುದು. ಹಲವರು ಸೇರಿ ಬರೆಯುವ ಬ್ಲಾಗಿಗೆ ಟ್ರೆಲೋದಂಥ ಬೋರ್ಡು ಅನುಕೂಲ: ಲೇಖನವೊಂದು ಕಾರ್ಡಿನಂತೆ ಒಂದು ಪಟ್ಟಿಯಿಂದ ಮತ್ತೊಂದಕ್ಕೆ ಸರಿಯುವಾಗ ಕೆಲಸ ಯಾರ ಬಳಿ ನಿಂತಿದೆ ಎಂಬುದು ಕೇಳದೆಯೇ ತಿಳಿಯುತ್ತದೆ.

ಸ್ಪ್ರೆಡ್‌ಶೀಟಿನಲ್ಲಿ ಒಂದು ಲೇಖನಕ್ಕೆ ಒಂದು ಸಾಲು. ಕಾಲಂಗಳು ಇಷ್ಟಿರಲಿ: ಓದುಗರ ಪ್ರಶ್ನೆ, ಶೀರ್ಷಿಕೆ, ವಿಭಾಗ, ಹಂದರದ ದಿನ, ಚಿತ್ರಗಳ ದಿನ, ಕರಡಿನ ದಿನ, ತಿದ್ದುಪಡಿಯ ದಿನ, ಪ್ರಕಟಣೆಯ ದಿನ, ಸ್ಥಿತಿ, ಮರುಪರಿಶೀಲನೆಯ ದಿನ. ಹತ್ತು ಕಾಲಂ ದಾಟಿದರೆ ತುಂಬಿಸುವುದೇ ಒಂದು ಕೆಲಸವಾಗುತ್ತದೆ. ಕೀವರ್ಡ್, ಪದಸಂಖ್ಯೆ, ಚಿತ್ರಗಳ ಪಟ್ಟಿ ಮುಂತಾದವು ಆಯಾ ಲೇಖನದ ಕರಡಿನ ತಲೆಯಲ್ಲಿಯೇ ಇರಲಿ.

ದಿನಾಂಕಗಳನ್ನು 2026-03-19 ಎಂಬಂತೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಿರಿ. ಇದು ಐಎಸ್ಒ 8601 ಎಂಬ ಅಂತಾರಾಷ್ಟ್ರೀಯ ಮಾನದಂಡದ ಕ್ರಮ. 03-04 ಎಂದರೆ ಮಾರ್ಚ್ ನಾಲ್ಕೋ ಏಪ್ರಿಲ್ ಮೂರೋ ಎಂಬ ಗೊಂದಲ ಇಲ್ಲಿ ಹುಟ್ಟುವುದಿಲ್ಲ. ಹಾಳೆ ಅದನ್ನು ದಿನಾಂಕವೆಂದು ಗುರುತಿಸದೆ ಬರೀ ಅಕ್ಷರವೆಂದು ತಿಳಿದರೂ ಜೋಡಣೆ ಸರಿಯಾಗಿಯೇ ಬರುತ್ತದೆ.

ಸ್ಥಿತಿಯ ಕಾಲಂನಲ್ಲಿ ಕೈಯಿಂದ ಬರೆಯದೆ ಗೂಗಲ್ ಶೀಟ್ಸ್‌ನ ಇನ್ಸರ್ಟ್ ಮೆನುವಿನಲ್ಲಿರುವ ಡ್ರಾಪ್‌ಡೌನ್ ಸೇರಿಸಿ ‘ಹಂದರ’, ‘ಕರಡು’, ‘ತಿದ್ದುಪಡಿ’, ‘ನಿಗದಿ’, ‘ಪ್ರಕಟ’ ಎಂಬ ಐದು ಆಯ್ಕೆಗಳನ್ನು ಕೊಡಿ. ಒಮ್ಮೆ ‘ಕರಡು’, ಮತ್ತೊಮ್ಮೆ ‘ಡ್ರಾಫ್ಟ್’, ಇನ್ನೊಮ್ಮೆ ‘ಬರೀತಿದೀನಿ’ ಎಂದು ಬರೆದರೆ ಫಿಲ್ಟರ್ ಕೆಲಸ ಮಾಡುವುದಿಲ್ಲ. ಫಾರ್ಮ್ಯಾಟ್ ಮೆನುವಿನ ಕಂಡೀಶನಲ್ ಫಾರ್ಮ್ಯಾಟಿಂಗ್‌ನಲ್ಲಿ, ಕರಡಿನ ದಿನ ಕಳೆದುಹೋಗಿಯೂ ಸ್ಥಿತಿ ಇನ್ನೂ ‘ಹಂದರ’ ಅಥವಾ ‘ಕರಡು’ ಎಂದೇ ಇದ್ದರೆ ಸಾಲು ಕೆಂಪಾಗಲಿ ಎಂಬ ಒಂದು ನಿಯಮ ಹಾಕಿ. ಕೆಂಪು ಬರಬೇಕಾದುದು ಇಲ್ಲಿ. ಪ್ರಕಟಣೆಯ ದಿನ ತಪ್ಪಿದಾಗ ಕೆಂಪಾದರೆ ಅದು ಬರೀ ಮರಣವಾರ್ತೆ. ಕರಡಿನ ದಿನ ತಪ್ಪಿದಾಗ ಕೆಂಪಾದರೆ ಇನ್ನೂ ಹತ್ತು ದಿನ ಕೈಯಲ್ಲಿರುತ್ತವೆ.

ಹಿಂದಕ್ಕೆ ಎಣಿಸುವುದು

ಚೈನಿನ ಲೇಖನ 2026ರ ಮಾರ್ಚ್ 19, ಗುರುವಾರ ಪ್ರಕಟವಾಗಬೇಕು ಎಂದಿಟ್ಟುಕೊಳ್ಳಿ. ಸಿದ್ಧಲೇಖನವನ್ನು ಬ್ಲಾಗಿಗೆ ಏರಿಸಿ ಸಮಯ ನಿಗದಿಪಡಿಸುವ ಕೆಲಸ 16ರ ಸೋಮವಾರ ಮುಗಿಯಬೇಕು. ಕೊನೆಯ ಗಳಿಗೆಯಲ್ಲಿ ಒಂದು ಚಿತ್ರ ಮಸುಕಾಗಿ ಕಂಡರೆ ಮತ್ತೊಮ್ಮೆ ತೆಗೆಯಲು ಎರಡು ದಿನ ಉಳಿಯುತ್ತದೆ. ತಿದ್ದುಪಡಿ 12ರ ಗುರುವಾರ. ಕರಡು ಮುಗಿಯಬೇಕಾದುದು 9ರ ಸೋಮವಾರ. ಕರಡಿಗೂ ತಿದ್ದುಪಡಿಗೂ ನಡುವೆ ಮೂರು ದಿನಗಳ ಅಂತರವನ್ನು ಬೇಕೆಂದೇ ಇಟ್ಟಿದ್ದೇನೆ. ಬರೆದ ದಿನವೇ ತಿದ್ದಲು ಕುಳಿತರೆ ಹಾಳೆಯ ಮೇಲಿರುವುದನ್ನು ಬಿಟ್ಟು ನಮ್ಮ ತಲೆಯಲ್ಲಿರುವುದನ್ನೇ ಓದಿಕೊಳ್ಳುತ್ತೇವೆ, ಬಿಟ್ಟುಹೋದ ಹಂತ ಕಣ್ಣಿಗೆ ಬೀಳುವುದಿಲ್ಲ.

ಚಿತ್ರಗಳನ್ನು ತೆಗೆಯುವುದು ಕರಡಿಗಿಂತ ಮೊದಲು, 7ರ ಶನಿವಾರ. ಇದು ತಲೆಕೆಳಗಾದ ಕ್ರಮವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಕೆಲಸ ಮಾಡಿ ತೋರಿಸುವ ಲೇಖನಗಳಲ್ಲಿ ಮೊದಲು ಕೈಯಿಂದ ಕೆಲಸ ಮಾಡಿ, ಚಿತ್ರ ತೆಗೆದು, ಆಮೇಲೆ ಬರೆಯಲು ಕೂತರೆ ವಾಕ್ಯಗಳು ನಿಖರವಾಗಿ ಬರುತ್ತವೆ. ಚೈನನ್ನು ಒರೆಸುವಾಗ ಪೆಡಲನ್ನು ಹಿಂದಕ್ಕೆ ತಿರುಗಿಸಬೇಕು, ಎಣ್ಣೆ ಹಾಕಿದ ಮೇಲೆ ಹೊರಮೈಯಲ್ಲಿ ಉಳಿದ ಎಣ್ಣೆಯನ್ನು ಒರೆಸಿ ತೆಗೆಯದಿದ್ದರೆ ಅದು ಧೂಳನ್ನು ಹಿಡಿದುಕೊಳ್ಳುತ್ತದೆ, ಎಣ್ಣೆಯ ಹನಿ ಡಿಸ್ಕ್ ಬ್ರೇಕಿನ ರೋಟರ್ ಮೇಲೆ ಬೀಳದಂತೆ ಬಟ್ಟೆ ಅಡ್ಡ ಹಿಡಿಯಬೇಕು ಎಂಬಂಥ ವಿವರಗಳು ಮೇಜಿನ ಮುಂದೆ ಕೂತಾಗ ನೆನಪಿಗೆ ಬರುವಂಥವಲ್ಲ. ಹಂದರ 4ರ ಬುಧವಾರ. ಅಂದರೆ 19ಕ್ಕೆ ಹೊರಬರುವ ಲೇಖನದ ಕೆಲಸ ಹದಿನೈದು ದಿನ ಮೊದಲೇ ಆರಂಭವಾಗಿರುತ್ತದೆ, ಹಿಂದಿನ ಲೇಖನ ನಿಗದಿಯಾಗಿದ್ದರೂ ಆಗಿನ್ನೂ ಪ್ರಕಟವಾಗಿರುವುದಿಲ್ಲ. ಈ ಒಂದರ ಮೇಲೊಂದು ಬೀಳುವಿಕೆಯನ್ನು ಕಾಣಿಸುವುದೇ ಕ್ಯಾಲೆಂಡರಿನ ನಿಜವಾದ ಉಪಯೋಗ.

ಋತುವಿಗೆ ಸಂಬಂಧಿಸಿದ ಲೇಖನಗಳಿಗೆ ಇನ್ನೂ ಹಿಂದಿನಿಂದ ಆರಂಭಿಸಬೇಕು. ಪ್ರಕಟವಾದ ಪುಟವನ್ನು ಸರ್ಚ್ ಎಂಜಿನ್ ಕಂಡುಹಿಡಿದು, ತನ್ನ ಸೂಚಿಗೆ ಸೇರಿಸಿಕೊಂಡು, ಮೇಲಕ್ಕೆ ತರಲು ಸಮಯ ಹಿಡಿಯುತ್ತದೆ. ಮಳೆಗಾಲದ ಸವಾರಿಯ ಲೇಖನ ಮಳೆ ಶುರುವಾದ ದಿನ ಪ್ರಕಟವಾದರೆ ಅದು ಓದುಗರಿಗೆ ಸಿಗುವ ಹೊತ್ತಿಗೆ ಬಿಸಿಲು ಬಂದಿರುತ್ತದೆ. ಗೂಗಲ್ ಟ್ರೆಂಡ್ಸ್‌ನಲ್ಲಿ ನಿಮ್ಮ ವಿಷಯದ ಪದವನ್ನು ಕೊಟ್ಟು, ನಿಮ್ಮ ಓದುಗರಿರುವ ಪ್ರದೇಶವನ್ನು ಆರಿಸಿ, ಕಳೆದ ಐದು ವರ್ಷಗಳ ಅವಧಿಯನ್ನು ನೋಡಿದರೆ ಪ್ರತಿ ವರ್ಷ ಹುಡುಕಾಟ ಏರತೊಡಗುವ ವಾರ ಯಾವುದೆಂಬುದು ಗೆರೆಯಲ್ಲೇ ಕಾಣುತ್ತದೆ. ಅಲ್ಲಿನ 0ಯಿಂದ 100ರವರೆಗಿನ ಅಂಕಿ ಹುಡುಕಾಟಗಳ ಸಂಖ್ಯೆಯಲ್ಲ, ಆ ಅವಧಿಯ ಶಿಖರಕ್ಕೆ ಹೋಲಿಸಿದ ಪ್ರಮಾಣ ಮಾತ್ರ ಎಂಬುದು ನೆನಪಿರಲಿ. ಗೆರೆ ಏರತೊಡಗುವ ವಾರಕ್ಕಿಂತ ನಾಲ್ಕಾರು ವಾರ ಮೊದಲು ಪ್ರಕಟಣೆಯ ದಿನವನ್ನಿಟ್ಟು, ಅಲ್ಲಿಂದ ಹಿಂದಕ್ಕೆ ಎಣಿಸಿ.

ಮೂರು ತಿಂಗಳು ಸಾಕು

ವರ್ಷದ ಯೋಜನೆ ಬೇಡ. ಮುಂದಿನ ಒಂದು ತಿಂಗಳಿಗೆ ಎಲ್ಲ ದಿನಾಂಕಗಳೊಂದಿಗೆ ಪೂರ್ಣ ಸಾಲುಗಳನ್ನು, ಎರಡನೆಯ ತಿಂಗಳಿಗೆ ಪ್ರಶ್ನೆ ಮತ್ತು ಪ್ರಕಟಣೆಯ ದಿನವನ್ನು, ಮೂರನೆಯ ತಿಂಗಳಿಗೆ ವಿಭಾಗವನ್ನು ಮಾತ್ರ ಬರೆದಿಡಿ. ಋತುಮಾನದ ಲೇಖನಗಳಿಗಷ್ಟೇ ಇದರಲ್ಲಿ ವಿನಾಯಿತಿ.

ಇದರ ಜೊತೆಗೆ ಪೂರ್ಣ ಸಿದ್ಧವಾದ ಎರಡು ಲೇಖನಗಳು ಸದಾ ಕಾಯ್ದಿರಿಸಿರಲಿ. ಅವು ಯಾವ ದಿನಕ್ಕೂ ಕಟ್ಟುಬಿದ್ದಿರಬಾರದು, ಆರು ತಿಂಗಳ ನಂತರ ಪ್ರಕಟಿಸಿದರೂ ಹಳತೆನಿಸಬಾರದು. ಸರಿಯಾದ ಗಾಳಿಯ ಒತ್ತಡವನ್ನು ಟೈರಿನ ಪಕ್ಕದ ಬರಹದಿಂದ ಓದುವುದು ಹೇಗೆ ಎಂಬಂಥ ಲೇಖನ ಇದಕ್ಕೆ ತಕ್ಕುದು. ಕಾಯ್ದಿರಿಸಿದ್ದನ್ನು ಬಳಸಿಕೊಂಡರೆ ಮುಂದೆ ದೊರೆಯುವ ಮೊದಲ ಬಿಡುವಿನಲ್ಲಿ ಅದನ್ನು ತುಂಬಬೇಕು, ಹೊಸ ಲೇಖನ ಆಮೇಲೆ. ಹಾಗೆಯೇ, ಸರಣಿ ಬರೆಯುವುದಾದರೆ ಎಲ್ಲ ಕಂತುಗಳ ಕರಡು ಮುಗಿಯುವವರೆಗೆ ಮೊದಲ ಕಂತನ್ನು ಪ್ರಕಟಿಸಬೇಡಿ. ‘ಭಾಗ 1’ ಎಂದು ಬರೆದು ‘ಭಾಗ 2’ ಎಂದೂ ಬಾರದ ಬ್ಲಾಗುಗಳನ್ನು ನಾವೆಲ್ಲ ನೋಡಿದ್ದೇವೆ, ನನ್ನದೂ ಅದರಲ್ಲೊಂದು.

ನಿಗದಿಪಡಿಸುವಾಗಿನ ಎಡವಟ್ಟುಗಳು

ವರ್ಡ್‌ಪ್ರೆಸ್‌ನಲ್ಲಿ ಲೇಖನದ ಪ್ರಕಟಣೆಯ ದಿನಾಂಕವನ್ನು ಮುಂದಿನ ದಿನಕ್ಕೆ ಬದಲಿಸಿದರೆ ‘ಪಬ್ಲಿಷ್’ ಬಟನ್ ‘ಶೆಡ್ಯೂಲ್’ ಎಂದಾಗುತ್ತದೆ. ಬ್ಲಾಗರ್‌ನಲ್ಲಿ ಪೋಸ್ಟ್ ಸೆಟ್ಟಿಂಗ್ಸ್ ಒಳಗೆ ದಿನ ಮತ್ತು ಸಮಯ ಕೊಡುವ ಸೌಲಭ್ಯವಿದೆ. ಎರಡರಲ್ಲೂ ಮೊದಲು ನೋಡಬೇಕಾದುದು ಸಮಯವಲಯ. ವರ್ಡ್‌ಪ್ರೆಸ್‌ನ ಜನರಲ್ ಸೆಟ್ಟಿಂಗ್ಸ್‌ನಲ್ಲಿ ಅದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದೇ ಉಳಿದಿದ್ದರೆ ನೀವು ಬೆಳಗ್ಗೆ 7ಕ್ಕೆಂದು ನಿಗದಿಪಡಿಸಿದ್ದು ನಿಮ್ಮೂರಿನ 7 ಗಂಟೆಗೆ ಹೊರಬರುವುದಿಲ್ಲ.

ವರ್ಡ್‌ಪ್ರೆಸ್‌ನಲ್ಲಿ ಇನ್ನೊಂದು ವಿಚಿತ್ರವಿದೆ. ಅದರ ಸಮಯಪಾಲಕ ವ್ಯವಸ್ಥೆ ಗಡಿಯಾರದಂತೆ ತಾನೇ ಓಡುವುದಿಲ್ಲ. ಯಾರಾದರೂ ತಾಣದ ಪುಟವೊಂದನ್ನು ತೆರೆದಾಗ ಮಾತ್ರ ಎಚ್ಚರಗೊಂಡು, ಮಾಡಬೇಕಾದ ಕೆಲಸ ಬಾಕಿ ಇದೆಯೇ ಎಂದು ನೋಡುತ್ತದೆ. ಓದುಗರು ಕಡಿಮೆ ಇರುವ ಹೊಸ ಬ್ಲಾಗಿನಲ್ಲಿ ಬೆಳಗ್ಗೆ 7ರ ಲೇಖನ, ಮೊದಲ ಓದುಗರು ಬರುವ 9ರವರೆಗೂ ಹಾಗೆಯೇ ಕೂತಿರಬಹುದು. ಪ್ರಕಟಣೆಯ ಸಮಯಕ್ಕೆ ನೀವೇ ಒಮ್ಮೆ ತಾಣವನ್ನು ತೆರೆಯುವುದು ಸರಳ ಪರಿಹಾರ. ಹೋಸ್ಟಿಂಗ್ ಖಾತೆಯಲ್ಲಿ ಕ್ರಾನ್ (ನಿಗದಿತ ಸಮಯಕ್ಕೆ ಕೆಲಸವನ್ನು ತಾನಾಗಿ ನಡೆಸುವ) ಸೌಲಭ್ಯವಿದ್ದರೆ ಅದರಿಂದ ಆಗಾಗ ಎಚ್ಚರಿಸುವಂತೆ ಮಾಡುವುದು ಶಾಶ್ವತ ಪರಿಹಾರ. ಲೇಖನ ಹೊರಬಂದಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಹಾಳೆಯಲ್ಲಿ ‘ನಿಗದಿ’ ಎಂದಿರುವುದನ್ನು ‘ಪ್ರಕಟ’ ಎಂದು ಬದಲಿಸಿ.

ತಂಡವಾಗಿ ಬರೆಯುವವರಿಗೆ ಒಂದು ಮಾತು. ಪ್ರತಿ ಸಾಲಿಗೆ ಒಬ್ಬರದೇ ಹೆಸರಿರಲಿ. ಇಬ್ಬರ ಹೆಸರಿದ್ದರೆ ಇಬ್ಬರೂ ಇನ್ನೊಬ್ಬರು ಮಾಡುತ್ತಾರೆಂದು ಕಾಯುತ್ತಾರೆ. ವರ್ಡ್‌ಪ್ರೆಸ್‌ನಲ್ಲಿ ‘ಕಾಂಟ್ರಿಬ್ಯೂಟರ್’ ಪಾತ್ರ ಕೊಟ್ಟ ಲೇಖಕರು ಬರೆದು ಪರಿಶೀಲನೆಗೆ ಸಲ್ಲಿಸಬಹುದೇ ಹೊರತು ಪ್ರಕಟಿಸಲು ಆಗುವುದಿಲ್ಲ, ಇದು ಒಳ್ಳೆಯದೇ. ಆದರೆ ಸಾಮಾನ್ಯವಾಗಿ ಅವರಿಗೆ ಚಿತ್ರಗಳನ್ನು ಏರಿಸುವ ಅನುಮತಿಯೂ ಇರುವುದಿಲ್ಲ. ಆ ಕೆಲಸ ಸಂಪಾದಕರ ತಲೆಗೆ ಬರುತ್ತದೆ, ಅದರ ಅರ್ಧ ಗಂಟೆಯನ್ನು ಅವರ ಲೆಕ್ಕದಲ್ಲಿ ಸೇರಿಸಿ.

ಹಳೆಯ ಲೇಖನಗಳಿಗೂ ಸಾಲು ಕೊಡಿ

ಪ್ರಕಟವಾದ ಲೇಖನದ ಎದುರು ಮರುಪರಿಶೀಲನೆಯ ದಿನವನ್ನು ಬರೆಯಲು ಕಾಲಂ ಇಟ್ಟಿದ್ದೇವಷ್ಟೇ. ಬೆಲೆ, ಮಾದರಿ, ತಂತ್ರಾಂಶದ ಮೆನು ಇತ್ಯಾದಿ ಇರುವ ಲೇಖನಕ್ಕೆ ಆರು ತಿಂಗಳು, ಉಳಿದವಕ್ಕೆ ಒಂದು ವರ್ಷ ಎಂದಿಟ್ಟುಕೊಳ್ಳಬಹುದು. ಆ ದಿನ ಬಂದಾಗ ಗೂಗಲ್ ಸರ್ಚ್ ಕನ್ಸೋಲ್ ತೆರೆದು ಆ ಪುಟ ಯಾವ ಹುಡುಕಾಟಗಳಿಗೆ ಕಾಣಿಸಿಕೊಂಡಿದೆ ಎಂದು ನೋಡಿ. ಅಲ್ಲಿ ಹಿಂದಿನ 16 ತಿಂಗಳ ಅಂಕಿಗಳು ಸಿಗುತ್ತವೆ. ಹಲವು ಬಾರಿ ಕಾಣಿಸಿಕೊಂಡೂ ಕ್ಲಿಕ್ ಬಾರದಿದ್ದರೆ ಶೀರ್ಷಿಕೆಯನ್ನು ಮತ್ತೊಮ್ಮೆ ಬರೆದು ನೋಡಬೇಕು. ನೀವು ಉತ್ತರಿಸದ ಪ್ರಶ್ನೆಗೆ ಪುಟ ಕಾಣಿಸಿಕೊಳ್ಳುತ್ತಿದ್ದರೆ ಅದು ‘ವಿಚಾರಗಳು’ ಹಾಳೆಗೆ ಹೋಗಬೇಕಾದ ಹೊಸ ಸಾಲು. ತಿದ್ದುವಾಗ ಪುಟದ ವಿಳಾಸವನ್ನು ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯ ವಿಳಾಸದಿಂದ ಹೊಸದಕ್ಕೆ ಓದುಗರನ್ನು ತಾನಾಗಿ ಕಳುಹಿಸುವ 301 ರೀಡೈರೆಕ್ಟ್ ಹಾಕಿ. ಪರಿಷ್ಕರಣೆಗೆ ಹಿಡಿಯುವ ಎರಡು ಗಂಟೆಯನ್ನು ತಿಂಗಳ 20 ಗಂಟೆಗಳಲ್ಲೇ ಕಳೆಯಬೇಕು.

ಕ್ಯಾಲೆಂಡರ್ ಕೈತಪ್ಪಿದಾಗ

ವಾರಕ್ಕೊಮ್ಮೆ, ಪ್ರತಿ ಸಲವೂ ಅದೇ ದಿನದಂದು, ಹದಿನೈದು ನಿಮಿಷ ಹಾಳೆಯ ಮುಂದೆ ಕೂರುವ ಅಭ್ಯಾಸವಿದ್ದರೆ ಬಹಳಷ್ಟು ತಪ್ಪುಗಳು ಮೊದಲೇ ಕಾಣುತ್ತವೆ. ಆದರೂ ಯಾವುದೋ ಒಂದು ತಿಂಗಳು ಎಲ್ಲವೂ ಬಿದ್ದುಹೋಗುತ್ತದೆ. ಆಗ ಎಲ್ಲರಿಗೂ ಮೊದಲು ತೋಚುವುದು ಬಾಕಿ ಸಾಲುಗಳನ್ನೆಲ್ಲ ನಾಲ್ಕು ವಾರ ಮುಂದಕ್ಕೆ ತಳ್ಳುವುದು. ಹಾಗೆ ಮಾಡಿದರೆ ಋತುವಿನ ಲೇಖನಗಳು ಋತು ಕಳೆದ ಮೇಲೆ ಬರುತ್ತವೆ, ಸಾಲದ ಹೊರೆ ಹಾಗೆಯೇ ಮುಂದುವರಿಯುತ್ತದೆ. ಅದರ ಬದಲು, ಹಂದರವನ್ನೂ ಮುಟ್ಟದ ಸಾಲುಗಳಿಂದ ದಿನಾಂಕ ಅಳಿಸಿ ‘ವಿಚಾರಗಳು’ ಹಾಳೆಗೆ ಮರಳಿಸಿ. ಅರ್ಧ ಬರೆದ ಕರಡುಗಳಲ್ಲಿ ಮುಗಿಸಲು ಅತಿ ಕಡಿಮೆ ಸಮಯ ಬೇಡುವ ಒಂದನ್ನು ಮಾತ್ರ ಉಳಿಸಿಕೊಳ್ಳಿ. ಕಾಯ್ದಿರಿಸಿದ ಎರಡರಲ್ಲಿ ಒಂದನ್ನು ಬರುವ ಗುರುವಾರಕ್ಕೆ ನಿಗದಿಪಡಿಸಿ, ಉಳಿಸಿಕೊಂಡ ಕರಡಿಗೆ ಅದರ ನಂತರದ ಹದಿನೈದನೆಯ ದಿನವನ್ನು ಕೊಟ್ಟು, ಅಲ್ಲಿಂದ ಹಿಂದಕ್ಕೆ ಎಣಿಸಲು ತೊಡಗಿ.